ಕಿವಿ ಕೆಳಗಿನ ಗಂಟು ತೆಗೆಸಿದ ಮೇಲೆ ಅವ್ವನ ಬಾಯಿ ಸೊಟ್ಟ ಆಗಿದೆ, ಊಟಕ್ಕೆ ಕೂತರೆ ಬಾವು ಬರ್ತಿದೆ. ಇದು ಮಾಮೂಲಾ?

ಗದಗಿನ ಗೆಳೆಯ

ಎಲ್ಲರಿಗೂ ನಮಸ್ಕಾರ. ಇಲ್ಲಿ ಡಾಕ್ಟರ್ ಯಾರಾದರೂ ಇದ್ದರೆ, ಅಥವಾ ಇದೇ ಆಪರೇಷನ್ ಆದವರು ಇದ್ದರೆ ದಯವಿಟ್ಟು ಹೇಳಿ.

ನಮ್ಮ ಅವ್ವನಿಗೆ 58 ವರ್ಷ. ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಗೋತಾಳೆ. ಎಡಗಿವಿ ಕೆಳಗೆ ದವಡೆ ತಿರುಗುವ ಜಾಗದಲ್ಲಿ ಎಷ್ಟೋ ವರ್ಷದಿಂದ ಒಂದು ಗಂಟು ಇತ್ತು. ನೋವಿಲ್ಲ ಅಂತ ಅವಳು ತಲೆ ಕೆಡಿಸಿಕೊಂಡಿರಲಿಲ್ಲ. ಓಣಿಯವರು ಮಂಗಬಾವು ಅಂತ ಹೇಳಿ ಲೇಪ ಹಚ್ಚಿಸಿದ್ದೂ ಆಯ್ತು. ಹೋದ ವರ್ಷದಿಂದ ದೊಡ್ಡದಾಗ್ತಾ ಬಂತು, ಮದುವೆ ಮುಂಜಿಗೆ ಹೋದರೆ ಸೆರಗು ಎಳೆದು ಮುಚ್ಚಿಕೊಳ್ಳೋಕೆ ಶುರು ಮಾಡಿದಳು. ಸ್ಕ್ಯಾನ್ ಮಾಡಿಸಿದೆವು, ಸೂಜಿ ಹಾಕಿ ತೆಗೆಯುವ ಎಫ್‌ಎನ್‌ಎಸಿ ಪರೀಕ್ಷೆಯೂ ಆಯ್ತು. ಪ್ಲಿಯೋಮಾರ್ಫಿಕ್ ಅಡೆನೋಮಾ ಅನ್ನೋ ಜೊಲ್ಲು ಗ್ರಂಥಿಯ ಗಂಟು, ಕ್ಯಾನ್ಸರ್ ಅಲ್ಲ, ಆದರೆ ಬಿಡುವ ಹಾಗಿಲ್ಲ ಅಂದರು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಸೂಪರ್ಫಿಶಿಯಲ್ ಪೆರೋಟಿಡೆಕ್ಟಮಿ, ಅಂದರೆ ಕಿವಿ ಹತ್ತಿರದ ಜೊಲ್ಲು ಗ್ರಂಥಿಯ ಮೇಲ್ಭಾಗವನ್ನು ಗಂಟಿನ ಸಮೇತ ತೆಗೆಯೋ ಆಪರೇಷನ್, ಮಾಡಿದರು. ಇನ್ನೂ ತಿಂಗಳಾಗಿಲ್ಲ.

ಈಗಿನ ಸಮಸ್ಯೆ ಏನಂದರೆ, ನಕ್ಕರೆ ಎಡಗಡೆ ಕೆಳತುಟಿ ಇಳಿಯೋದಿಲ್ಲ, ಬಾಯಿ ಒಂದು ಕಡೆ ಎಳೆದ ಹಾಗೆ ಕಾಣುತ್ತದೆ. ನೀರು ಕುಡಿದರೆ ಮೂಲೆಯಿಂದ ಸೋರುತ್ತದೆ. ಎಡಗಣ್ಣು ಮುಚ್ಚುತ್ತಾಳೆ, ಆದರೆ ಮಲಗಿದಾಗ ನೋಡಿದರೆ ಸಣ್ಣ ಸಂದಿ ಬಿಟ್ಟಿರುತ್ತದೆ. ಕಿವಿಯ ಹಾಲೆಗೆ ಸ್ಪರ್ಶವೇ ಇಲ್ಲ, ಬೆಂಡೋಲೆ ಹಾಕಿದ್ದೂ ಗೊತ್ತಾಗಲ್ಲ ಅಂತಾಳೆ. ಇವೆಲ್ಲ ಮೊದಲ ದಿನದಿಂದ ಇವೆ. ಹೊಸದು ಅಂದರೆ ಹೊಲಿಗೆ ಬಿಚ್ಚಿದ ಮೇಲೆ ಕಿವಿ ಕೆಳಗೆ ಮೆತ್ತಗೆ ಬಾವು ಬಂದಿದೆ. ಊಟಕ್ಕೆ ಕೂತು ನಾಲ್ಕು ತುತ್ತು ತಿನ್ನೋದ್ರಲ್ಲಿ ಉಬ್ಬುತ್ತದೆ, ಆಮೇಲೆ ಸ್ವಲ್ಪ ಇಳಿಯುತ್ತದೆ. ಜ್ವರ ಇಲ್ಲ.

ಇದರ ಜೊತೆಗೆ ನಮ್ಮ ಮಾಮಾ ಬಂದು "ಗಂಟು ಒಂದನ್ನೇ ತೆಗೆದಿದ್ದರೆ ಸಾಕಿತ್ತು, ಗ್ರಂಥಿಗೆ ಯಾಕೆ ಕೈ ಹಾಕಿದರು, ನರ ಕತ್ತರಿಸಿಬಿಟ್ಟಿದಾರೆ" ಅಂತ ಅವ್ವನ ಎದುರಿಗೇ ಹೇಳಿ ಹೋದರು. ಅವತ್ತಿನಿಂದ ಅವಳಿಗೆ ಊಟ ಸೇರ್ತಿಲ್ಲ. ನಿಜವಾಗಿ ನರ ಕತ್ತರಿಸಿರಬಹುದಾ? ತಿಳಿದುಕೊಳ್ಳೋದು ಹೇಗೆ?

ರೊಟ್ಟಿ ಚಟ್ನಿ

ನಿಂಬೆಹಣ್ಣು ಚೀಪಿಸಿ, ಮೇಲಿಂದ ಮಸಾಜ್ ಮಾಡಿ. ನಮ್ಮ ಕಾಕಾಗೆ ಇದೇ ತರ ಊಟದ ಹೊತ್ತಿಗೆ ಗದ್ದದ ಕೆಳಗೆ ಬಾವು ಬರ್ತಿತ್ತು, ಡಾಕ್ಟರೇ ಹಾಗೆ ಹೇಳಿದ್ದರು. ನಾಲ್ಕು ದಿನದಲ್ಲಿ ಇಳೀತು.

ವಿದ್ಯಾನಗರ ಇಎನ್‌ಟಿ

ರೊಟ್ಟಿ ಚಟ್ನಿ ಅವರೇ, ನಿಮ್ಮ ಕಾಕಾ ಅವರಿಗೆ ಇದ್ದದ್ದು ಗ್ರಂಥಿಯ ನಾಳದಲ್ಲಿ ಕಲ್ಲು. ಅಲ್ಲಿ ಜೊಲ್ಲು ಜಾಸ್ತಿ ಹರಿದು ಕಲ್ಲು ಹೊರಗೆ ಬರಲಿ ಅಂತ ನಿಂಬೆ ಕೊಡ್ತೀವಿ. ಇಲ್ಲಿ ವಿಷಯ ಉಲ್ಟಾ. ಆಪರೇಷನ್ ಆದ ಗ್ರಂಥಿಯ ಉಳಿದ ಭಾಗದಿಂದ ಜೊಲ್ಲು ಚರ್ಮದ ಕೆಳಗೆ ಸೋರ್ತಾ ಇರಬಹುದು, ನಿಂಬೆ ಕೊಟ್ಟರೆ ಸೋರೋದು ಇನ್ನೂ ಜಾಸ್ತಿ ಆಗುತ್ತದೆ. ದಯವಿಟ್ಟು ಕೊಡಬೇಡಿ, ಮಸಾಜೂ ಬೇಡ.

ಗದಗಿನ ಗೆಳೆಯರೇ, ನಾನು ಇಎನ್‌ಟಿ ಸರ್ಜನ್. ನಿಮ್ಮ ತಾಯಿಯವರನ್ನು ನೋಡಿಲ್ಲ, ಹಾಗಾಗಿ ನಾನು ಬರೆಯೋದು ಅವರ ಡಾಕ್ಟರ ಮಾತಿಗೆ ಬದಲಿ ಅಲ್ಲ. ಓಪಿಡಿ ಮುಗಿಸಿ ಫೋನಿನಲ್ಲಿ ಟೈಪ್ ಮಾಡ್ತಿದೀನಿ, ತಪ್ಪಿದ್ದರೆ ಓದಿಕೊಳ್ಳಿ.

ಮೊದಲು ಕಣ್ಣು. ನೀವು ಎಲ್ಲಕ್ಕಿಂತ ಕಡೆಗೆ ಬರೆದಿರೋದು ಬಾವು, ನನಗೆ ಅರ್ಜೆಂಟ್ ಅನಿಸಿದ್ದು ಕಣ್ಣು. ಮಲಗಿದಾಗ ಸಂದಿ ಬಿಡುತ್ತದೆ ಅಂದರೆ ರಾತ್ರಿಯಿಡೀ ಕರಿಗುಡ್ಡೆಯ ಕೆಳಭಾಗ ಒಣಗುತ್ತದೆ, ಫ್ಯಾನ್ ಗಾಳಿ ಬಿದ್ದರೆ ಕೇಳೋದೇ ಬೇಡ. ಅಲ್ಲಿ ಹುಣ್ಣಾದರೆ ದೃಷ್ಟಿಗೇ ಪೆಟ್ಟು. ಹಗಲು ಕಣ್ಣೀರಿನ ಡ್ರಾಪ್ಸ್, ರಾತ್ರಿ ಮುಲಾಮು ಹಾಕಿ, ರೆಪ್ಪೆ ಪೂರ್ತಿ ಮುಚ್ಚಿದೆ ಅಂತ ನೋಡಿಕೊಂಡು ಮೇಲೆ ಪೇಪರ್ ಟೇಪ್ ಅಡ್ಡ ಹಚ್ಚಿ. ರೆಪ್ಪೆ ತೆರೆದಿರುವಾಗಲೇ ಹತ್ತಿ ಇಟ್ಟು ಕಟ್ಟಬೇಡಿ, ಹತ್ತಿಯೇ ಕಣ್ಣನ್ನು ಉಜ್ಜುತ್ತದೆ. ಬೈಕ್ ಮೇಲೆ ಹೋಗುವಾಗ ಕನ್ನಡಕ. ಕಣ್ಣು ಕೆಂಪಾದರೆ, ಚುಚ್ಚಿದರೆ, ಮಸುಕಾದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಆಪರೇಷನ್ ಮಾಡಿದ ಡಾಕ್ಟರ ಅಪಾಯಿಂಟ್‌ಮೆಂಟ್ ಸೋಮವಾರ ಇದೆ ಅಂತ ಕಾಯಬೇಡಿ.

ಇನ್ನು ನರ. ಮುಖ ಆಡಿಸುವ ನರ ಕಿವಿಯ ಹಿಂದಿನ ಎಲುಬಿನ ಒಂದು ರಂಧ್ರದಿಂದ ಹೊರಗೆ ಬಂದು ನೇರ ಈ ಗ್ರಂಥಿಯ ಒಳಗೇ ನುಗ್ಗುತ್ತದೆ, ಅಲ್ಲೇ ಕವಲೊಡೆದು ಹಣೆ, ಕಣ್ಣು, ಕೆನ್ನೆ, ಕೆಳತುಟಿ, ಕುತ್ತಿಗೆ ಅಂತ ಐದು ಕಡೆ ಹೋಗುತ್ತದೆ. ಮೂಲ ಕಾಂಡವೇ ಒಂದೆರಡು ಮಿಲಿಮೀಟರ್ ದಪ್ಪ, ಕೊಂಬೆಗಳು ಅದಕ್ಕಿಂತ ಸಣ್ಣ. ಗ್ರಂಥಿಗೆ ಎರಡು ಹಾಲೆ ಅಂತ ಪುಸ್ತಕದಲ್ಲಿ ಬರೀತಾರೆ, ಆದರೆ ಒಳಗೆ ನಡುವೆ ಗೋಡೆ ಏನೂ ಇಲ್ಲ. ನರದ ಮೇಲಿರೋದು ಮೇಲ್ಭಾಗ, ಕೆಳಗಿರೋದು ಒಳಭಾಗ, ಅಷ್ಟೇ. ಹಾಗಾಗಿ ಗಂಟು ತೆಗೆಯೋದು ಅಂದರೆ ಮೊದಲು ನರ ಹುಡುಕೋದು. ಕಿವಿಯ ಮುಂದಿನ ಮೃದು ಎಲುಬಿನ ತುದಿ, ಕುತ್ತಿಗೆಯ ಡೈಗ್ಯಾಸ್ಟ್ರಿಕ್ ಸ್ನಾಯು, ಇವು ನಮಗೆ ಗುರುತು. ಅದು ಸಿಕ್ಕ ಮೇಲೆ ಕಾಂಡದಿಂದ ಮುಂದಕ್ಕೆ ಒಂದೊಂದೇ ಕೊಂಬೆ ಬಿಡಿಸುತ್ತಾ ಅದರ ಮೇಲಿನ ಗ್ರಂಥಿಯನ್ನು ಗಂಟಿನ ಸಮೇತ ಎತ್ತುತ್ತೀವಿ. ಕೆಲವು ಕಡೆ ನರ್ವ್ ಮಾನಿಟರ್ ಹಾಕುತ್ತಾರೆ, ನರಕ್ಕೆ ಉಪಕರಣ ತಾಗಿದರೆ ಮುಖದ ಸ್ನಾಯು ಮಿಡಿದು ಸದ್ದು ಬರುತ್ತದೆ. ಅದಕ್ಕೇ ಆ ಹೊತ್ತಿಗೆ ಸ್ನಾಯು ಸಡಿಲ ಮಾಡುವ ಔಷಧದ ಪ್ರಭಾವ ಇರಬಾರದು ಅಂತ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿರುತ್ತೀವಿ.

ನರ ಕತ್ತರಿಸದೇ ಇದ್ದರೂ ಎಳೆತಕ್ಕೆ, ಉಪಕರಣದ ಬಿಸಿಗೆ, ಆಮೇಲಿನ ಬಾವಿಗೆ ಅದು ತಾತ್ಕಾಲಿಕವಾಗಿ ಕೆಲಸ ನಿಲ್ಲಿಸುತ್ತದೆ. ಈ ಆಪರೇಷನ್ ಆದವರಲ್ಲಿ ಸ್ವಲ್ಪ ದಿನದ ಮಟ್ಟಿಗೆ ಮುಖ ಸೊಟ್ಟ ಆಗೋದು ಅಪರೂಪ ಅಲ್ಲವೇ ಅಲ್ಲ, ಅದರಲ್ಲೂ ಕೆಳತುಟಿಯ ಕೊಂಬೆ ಬಲು ಸೂಕ್ಷ್ಮ. ಬಹಳಷ್ಟು ಜನರಿಗೆ ಕೆಲವು ವಾರದಿಂದ ಆರು ತಿಂಗಳ ಒಳಗೆ ಸರಿ ಹೋಗುತ್ತದೆ. ಶಾಶ್ವತವಾಗಿ ಉಳಿಯೋದು ಕಡಿಮೆ ಜನರಿಗೆ. ನಿಮ್ಮ ತಾಯಿಯವರ ಕಣ್ಣು ಪ್ರಯತ್ನಪಟ್ಟರೆ ಮುಚ್ಚುತ್ತದೆ ಅಂದರೆ ಆ ಕೊಂಬೆಯಲ್ಲಿ ಸಂಕೇತ ಹರೀತಿದೆ ಅಂತ ಅರ್ಥ. ಒಳ್ಳೆಯ ಲಕ್ಷಣ.

ಕತ್ತರಿಸಿದ್ದಾರಾ ಅಂತ ಊಹೆ ಮಾಡ್ತಾ ಕೂರಬೇಡಿ, ಕಾಗದ ಕೇಳಿ. ಡಿಸ್ಚಾರ್ಜ್ ಕಾರ್ಡ್ ಸಾಲದು, ಆಪರೇಷನ್ ನೋಟ್ ಬೇಕು. ಅದು ನಿಮ್ಮ ಹಕ್ಕು, ಸಂಕೋಚ ಬೇಡ. ಅದರಲ್ಲಿ ಕಾಂಡ ಮತ್ತು ಕೊಂಬೆಗಳು ಕಂಡವಾ, ಕೊನೆಗೆ ಎಲ್ಲವೂ ಉಳಿದಿದ್ದವಾ, ಕೊನೆಗೆ ನರಕ್ಕೆ ಕರೆಂಟ್ ಕೊಟ್ಟು ಪರೀಕ್ಷಿಸಿದರಾ ಅಂತ ನೋಡಿ. ಸರ್ಜನ್ ಮುಂದೆ ಕೂತು "ಸರ್, ನರ ಪೂರ್ತಿ ಕಂಡಿತ್ತಾ, ಕೊನೆಗೆ ಸರಿ ಇತ್ತಾ?" ಅಂತ ನೇರವಾಗಿ ಕೇಳಿ. ಈ ಉತ್ತರದ ಮೇಲೆ ಮುಂದಿನದೆಲ್ಲ ನಿಂತಿದೆ. ಉಳಿದಿದ್ದರೆ ಕಾಯಬೇಕು. ತುಂಡಾಗಿದ್ದರೆ ಕಾಯೋದು ತಪ್ಪು, ಬೇಗ ಜೋಡಿಸಬೇಕು ಅಥವಾ ಬೇರೆ ಕಡೆಯ ನರದ ತುಂಡು ತಂದು ಕಸಿ ಮಾಡಬೇಕು.

ಬಾವು: ಊಟಕ್ಕೆ ಉಬ್ಬುವ, ಮೆತ್ತಗಿನ, ಜ್ವರ ಇಲ್ಲದ ಬಾವು ಅಂದರೆ ಹೆಚ್ಚಾಗಿ ಸಿಯಾಲೋಸೀಲ್, ಜೊಲ್ಲು ತುಂಬಿದ ಚೀಲ. ಸೂಜಿಯಲ್ಲಿ ಎಳೆದು ಬಿಗಿಯಾಗಿ ಬ್ಯಾಂಡೇಜ್ ಕಟ್ಟುತ್ತಾರೆ. ಅನುಮಾನ ಇದ್ದರೆ ಆ ನೀರಿನಲ್ಲಿ ಅಮೈಲೇಸ್ (ಜೊಲ್ಲಿನಲ್ಲಿರುವ ಕಿಣ್ವ) ಎಷ್ಟಿದೆ ಅಂತ ನೋಡಿದರೆ ಜೊಲ್ಲೋ ಅಲ್ಲವೋ ಗೊತ್ತಾಗುತ್ತದೆ. ಹುಳಿ, ಉಪ್ಪಿನಕಾಯಿ, ಕಟಕ ರೊಟ್ಟಿ ಸದ್ಯಕ್ಕೆ ಬೇಡ, ಮೆತ್ತಗಿನ ಸಪ್ಪೆ ಊಟ ಕೊಡಿ. ಮನೆಯಲ್ಲಿ ಯಾರೂ ಸೂಜಿ ಚುಚ್ಚೋಕೆ ಹೋಗಬೇಡಿ. ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಜ್ವರ ಬಂದರೆ ಕಾಯಬೇಡಿ, ಸಕ್ಕರೆ ಕಾಯಿಲೆ ಬೇರೆ ಇದೆಯಲ್ಲ.

ಮಾಮಾ ಅವರ ಮಾತಿಗೆ ಸಂಜೆ ಬರೀತೀನಿ.

ಬ್ಯಾಡಗಿ ಖಾರ

ಡಾಕ್ಟ್ರು ಸಂಜೆ ಬರೆಯೋ ಮೊದಲು ಮಾಮಾ ಅವರಿಗೆ ನಾನೇ ಉತ್ತರ ಕೊಡ್ತೀನಿ, ಯಾಕಂದರೆ "ಗಂಟು ಒಂದನ್ನೇ" ತೆಗೆಸಿಕೊಂಡವನು ನಾನು. ಕಾಲೇಜಿನಲ್ಲಿದ್ದಾಗ ಇದೇ ಗಂಟು, ಇದೇ ಜಾಗ. ಒಂದು ಸಣ್ಣ ಕಡೆ, ಹೆಸರು ಬೇಡ, ಗಂಟಿನ ಮೇಲೇ ಎರಡು ಇಂಚು ಕುಯ್ದು ಕೆದಕಿ ತೆಗೆದರು. ಸಂಜೆಗೆ ಮನೆಗೆ ಬಂದೆ, ಮುಖ ಸೊಟ್ಟ ಇಲ್ಲ, ಏನಿಲ್ಲ, ಮನೆಯವರೆಲ್ಲ ಖುಷಿ.

ವರ್ಷಗಳ ನಂತರ ಗಡ್ಡ ಬೋಳಿಸುವಾಗ ಹಳೇ ಗಾಯದ ಸುತ್ತ ಬೆರಳಿಗೆ ಹರಳು ಹರಳಾಗಿ ಸಿಗೋಕೆ ಶುರು ಆಯ್ತು. ಒಂದಲ್ಲ, ಐದಾರು ಇದ್ದವು, ಒಂದು ಚರ್ಮಕ್ಕೇ ಅಂಟಿಕೊಂಡಿತ್ತು. ಎಂಆರ್‌ಐ ಮಾಡಿಸಿದರೆ ಒಳಗೆ ಇನ್ನೂ ಇದ್ದವು. ಎರಡನೇ ಆಪರೇಷನ್ ಮಾಡಿದ ಸರ್ಜನ್ ಮೊದಲೇ ಕೂರಿಸಿಕೊಂಡು ಹೇಳಿದರು, ಹಳೇ ಕಲೆಯಲ್ಲಿ ನರ ಹೂತುಹೋಗಿರುತ್ತದೆ, ಮೊದಲ ಸಲದಷ್ಟು ಸುಲಭಕ್ಕೆ ಸಿಗಲ್ಲ ಅಂತ. ಬೆಳಿಗ್ಗೆ ಒಳಗೆ ಹೋದವನು ಸಂಜೆ ಹೊರಗೆ ಬಂದೆ. ಎಡಹುಬ್ಬು ಇವತ್ತಿಗೂ ಏಳಲ್ಲ. ಫೋಟೋ ತೆಗೆಯುವಾಗ "ಯಾಕ್ರೀ ಸಿಟ್ಟು" ಅಂತಾರೆ.

ಹೇಳಿ ಮಾಮಾ ಅವರಿಗೆ.

ವಿದ್ಯಾನಗರ ಇಎನ್‌ಟಿ

ಬ್ಯಾಡಗಿಯವರು ನನ್ನ ಅರ್ಧ ಕೆಲಸ ಮುಗಿಸಿದ್ದಾರೆ. ಕಾರಣ ಮಾತ್ರ ಹೇಳ್ತೀನಿ. ಈ ಗಂಟಿನ ಮೇಲೆ ಒಂದು ಪೊರೆ ಇರುತ್ತದೆ. ಕಣ್ಣಿಗೆ ನುಣ್ಣಗೆ ಕಂಡರೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಾಗಲಕಾಯಿ ಮೈ ಇದ್ದ ಹಾಗೆ, ಅಲ್ಲಲ್ಲಿ ಉಬ್ಬು ಹೊರಗೆ ಚಾಚಿರುತ್ತದೆ. ಗಂಟನ್ನು ಮಾತ್ರ ಕೆದಕಿ ತೆಗೆದರೆ ಆ ಉಬ್ಬುಗಳು ಅಲ್ಲೇ ಉಳಿದುಬಿಡುತ್ತವೆ, ಪೊರೆ ಒಡೆದರೆ ಒಳಗಿನ ಲೋಳೆಯಂಥ ಪದಾರ್ಥ ಗಾಯದ ತುಂಬ ಚೆಲ್ಲುತ್ತದೆ. ಹಾಗೆ ಕೆದಕಿ ತೆಗೆಯುತ್ತಿದ್ದ ಕಾಲದಲ್ಲಿ ಶೇ 20ಕ್ಕಿಂತ ಜಾಸ್ತಿ ಜನರಲ್ಲಿ ಮರಳಿ ಬರುತ್ತಿತ್ತು. ಸುತ್ತಲಿನ ಗ್ರಂಥಿಯ ಜೊತೆ ತೆಗೆಯೋಕೆ ಶುರು ಮಾಡಿದ ಮೇಲೆ ಅದು ನೂರಕ್ಕೆ ಕೆಲವೇ ಜನರಿಗೆ ಇಳಿದಿದೆ.

ಈಗ ಸಣ್ಣ, ಸಲೀಸಾಗಿ ಜರುಗುವ, ಮೇಲೆಯೇ ಇರುವ ಗಂಟಿಗೆ ಎಕ್ಸ್‌ಟ್ರಾಕ್ಯಾಪ್ಸುಲರ್ ಡಿಸೆಕ್ಷನ್ ಅಂತ ಪೊರೆಯ ಹೊರಗಿನಿಂದ ಆರೋಗ್ಯವಂತ ಅಂಗಾಂಶದ ತೆಳು ಪದರ ಸೇರಿಸಿ ತೆಗೆಯೋ ವಿಧಾನವೂ ಇದೆ, ಕೈ ಪಳಗಿದವರು ಮಾಡಿದರೆ ಫಲಿತಾಂಶ ಚೆನ್ನಾಗಿದೆ. ಅದಕ್ಕೂ ಕೆದಕಿ ತೆಗೆಯೋದಕ್ಕೂ ಸಂಬಂಧ ಇಲ್ಲ. ಇನ್ನು ಗಂಟನ್ನು ಹಾಗೇ ಬಿಟ್ಟಿದ್ದರೆ? ಬಹಳ ವರ್ಷ ಬಿಟ್ಟ ಪ್ಲಿಯೋಮಾರ್ಫಿಕ್ ಅಡೆನೋಮಾ ಕೆಲವರಲ್ಲಿ ಕ್ಯಾನ್ಸರ್ ಆಗಿ ತಿರುಗುತ್ತದೆ. ಆಗ ನರವನ್ನೇ ಬಲಿ ಕೊಡಬೇಕಾಗಿ ಬರಬಹುದು. ಹಾಗಾಗಿ ತೆಗೆಸಿದ್ದು ಸರಿ. ತೆಗೆದ ಗಂಟಿನ ಬಯಾಪ್ಸಿ ರಿಪೋರ್ಟ್ ಬಂದಿದೆಯಾ? ಅದರಲ್ಲಿ ಪೊರೆ ಅಖಂಡ ಇತ್ತಾ, ಅಂಚಿನವರೆಗೆ ಗಂಟು ಬಂದಿತ್ತಾ ಅಂತ ಬರೆದಿರುತ್ತಾರೆ. ಸೂಜಿ ಪರೀಕ್ಷೆ ಒಂದು ಅಂದಾಜು, ಬಯಾಪ್ಸಿ ಕೊನೆ ಮಾತು.

ನವಲೂರ ಪೇರಲ

ನನಗೂ ಬಲಗಡೆ ಇದೇ ಆಗಿದೆ, ಈಗ ಆರಾಮ. ತುಟಿ ಸರಿಯಾಗೋಕೆ ನಾಲ್ಕೈದು ತಿಂಗಳು ಹಿಡೀತು. ಮೊದಲು ಸೀಟಿ ಹೊಡೆಯೋಕೆ ಬಂತು, ಆಮೇಲೆ ನಗು ಬಂತು.

ಕಿವಿ ಹಾಲೆ ಬಗ್ಗೆ ಡಾಕ್ಟ್ರು ಬರೆದಿಲ್ಲ, ಅವರಿಗೆ ಅದು ಸಣ್ಣದು ಅನಿಸಬಹುದು, ನಮಗಲ್ಲ. ಕುತ್ತಿಗೆಯಿಂದ ಕಿವಿಗೆ ಹೋಗುವ ಸ್ಪರ್ಶದ ನರ ದಾರಿಯಲ್ಲೇ ಅಡ್ಡ ಇರುತ್ತದಂತೆ, ಬಹಳ ಸಲ ಅದನ್ನು ಉಳಿಸೋಕೆ ಆಗಲ್ಲ. ವರ್ಷದ ಹೊತ್ತಿಗೆ ಸುತ್ತಲಿನ ಜೋಮು ಕಡಿಮೆ ಆಯ್ತು, ಹಾಲೆಯ ತುದಿ ಮಾತ್ರ ಈಗಲೂ ನನ್ನದಲ್ಲ ಅನಿಸುತ್ತದೆ. ಕ್ಷೌರದಂಗಡಿಯಲ್ಲಿ ಅವನು ಬ್ಲೇಡ್ ತಾಗಿಸಿ ರಕ್ತ ಬಂದಾಗಲೂ ನನಗೆ ಗೊತ್ತಾಗಿದ್ದು ಕನ್ನಡಿ ನೋಡಿ.

ಇನ್ನೊಂದು ಈಗಲೇ ಹೇಳಿಬಿಡ್ತೀನಿ, ಮುಂದೆ ಗಾಬರಿ ಆಗಬಾರದು ಅಂತ. ಎಲ್ಲ ಸರಿ ಹೋಯ್ತು ಅಂತ ಕೂತಿದ್ದಾಗ, ಆಪರೇಷನ್ ಆಗಿ ಸುಮಾರು ತಿಂಗಳುಗಳೇ ಆಗಿದ್ದವು, ಪುಂಡಿಪಲ್ಯ ತಿನ್ನುವಾಗ ಕಿವಿ ಮುಂದೆ ತಣ್ಣಗೆ ಅನಿಸ್ತು. ಮುಟ್ಟಿ ನೋಡಿದರೆ ಬೆವರು. ಹಣೆ ಒಣ, ಇನ್ನೊಂದು ಕೆನ್ನೆ ಒಣ, ಆ ಅಂಗೈ ಅಗಲ ಜಾಗ ಮಾತ್ರ ಕೆಂಪಾಗಿ ನೀರಿಳೀತಿದೆ. ಉಪ್ಪಿನಕಾಯಿ ಭರಣಿ ತೆಗೆದರೂ ಸಾಕು. ಗಾಯ ಒಡೆದು ಜೊಲ್ಲು ಹೊರಗೆ ಬರ್ತಿದೆ ಅಂತ ಹೆದರಿ ಓಡಿದೆ.

ಅಲ್ಲಿ ಒಂದು ಮಜಾ ಪರೀಕ್ಷೆ ಮಾಡಿದರು. ಕೆನ್ನೆಗೆಲ್ಲ ಅಯೋಡಿನ್ ಹಚ್ಚಿ, ಒಣಗಿದ ಮೇಲೆ ಪಿಷ್ಟದ ಪುಡಿ ಉದುರಿಸಿ, ತಿನ್ನೋಕೆ ನಿಂಬೆ ಹೋಳು ಕೊಟ್ಟರು. ಎರಡು ನಿಮಿಷದಲ್ಲಿ ಬೆವರು ಬಂದ ಕಡೆಯೆಲ್ಲ ಕಡುನೀಲಿ ಚುಕ್ಕಿ. ನನ್ನ ಹೆಂಡತಿ ಫೋಟೋ ಹೊಡೆದು ಅವರ ಮನೆ ಗ್ರೂಪಿಗೆ ಹಾಕಿದಳು. ಇದಕ್ಕೆ ಫ್ರೇ ಸಿಂಡ್ರೋಮ್ ಅಂತಾರೆ, ಪೋಲೆಂಡಿನ ಫ್ರೇ ಅನ್ನೋ ನರರೋಗ ವೈದ್ಯೆ 1923ರಲ್ಲಿ ಬರೆದದ್ದಂತೆ. ಜೊಲ್ಲು ಗ್ರಂಥಿಗೆ ಹೋಗಬೇಕಾದ ನರದ ತುದಿಗಳು ಮತ್ತೆ ಬೆಳೆಯುವಾಗ ದಾರಿ ತಪ್ಪಿ ಚರ್ಮದ ಬೆವರು ಗ್ರಂಥಿಗೆ ಹೋಗಿ ಸೇರುತ್ತವೆ. ಊಟ ಕಂಡರೆ ಬಾಯಿಗೆ ಬರಬೇಕಾದ ನೀರಿನ ಬದಲು ಕೆನ್ನೆಗೆ ಬೆವರು. ಅಪಾಯ ಇಲ್ಲ. ನಾನು ಸುಮ್ನೆ ಕರ್ಚೀಫ್ ಇಟ್ಟುಕೊಂಡಿದೀನಿ.

ವಿದ್ಯಾನಗರ ಇಎನ್‌ಟಿ

ಚೆನ್ನಾಗಿ ಬರೆದಿದ್ದೀರಿ ಪೇರಲ ಅವರೇ. ಕರ್ಚೀಫ್ ಸಾಲದೇ ಹೋದರೆ ಆ ಚುಕ್ಕಿ ಬಂದ ಜಾಗಕ್ಕೆ ಬೊಟುಲಿನಮ್ ಇಂಜೆಕ್ಷನ್ ಕೊಡ್ತಾರೆ, ಬೆವರು ಹಲವು ತಿಂಗಳು ನಿಲ್ಲುತ್ತದೆ. ಅಲ್ಯೂಮಿನಿಯಂ ಕ್ಲೋರೈಡ್ ಇರುವ ಬೆವರು ತಡೆಯೋ ಲೋಷನ್ ಕೂಡ ಕೆಲವರಿಗೆ ಆಗುತ್ತದೆ. ಗದಗಿನ ಗೆಳೆಯರೇ, ಇದು ನಿಮ್ಮ ತಾಯಿಯವರಿಗೆ ಬಂದೇ ಬರುತ್ತದೆ ಅಂತಲ್ಲ, ಬಂದರೂ ತಿಂಗಳುಗಳ ನಂತರ. ಈಗಿನ ಬಾವಿಗೂ ಅದಕ್ಕೂ ಸಂಬಂಧ ಇಲ್ಲ.

ಸಾಧನಕೇರಿ ಫಿಸಿಯೋ

ನಾನು ಧಾರವಾಡದಲ್ಲಿ ಫಿಸಿಯೋಥೆರಪಿ ಮಾಡ್ತೀನಿ. ಒಂದೇ ಮಾತು. ಮುಖ ಸೊಟ್ಟ ಆದವರಿಗೆ ಮನೆಯವರು "ಬಲೂನ್ ಊದು, ಚೂಯಿಂಗ್ ಗಮ್ ಅಗಿ, ಜೋರಾಗಿ ನಗು" ಅಂತ ಹಿಂಸೆ ಕೊಡ್ತಾರೆ. ಮಾಡಬೇಡಿ. ಜೋರು ಮಾಡಿದಷ್ಟೂ ಒಳ್ಳೆಯ ಬದಿ ಇನ್ನೂ ಎಳೆಯುತ್ತದೆ, ನರ ಮರಳುವಾಗ ತಪ್ಪು ಜೋಡಣೆ ರೂಢಿಯಾಗಿ, ಬಾಯಿ ಆಡಿಸಿದರೆ ಕಣ್ಣೂ ಮುಚ್ಚುವ ಹಾಗೆ ಆಗಬಹುದು. ಕನ್ನಡಿ ಮುಂದೆ ಕೂತು, ಒಳ್ಳೆಯ ಬದಿಯನ್ನು ಬೆರಳಿನಿಂದ ಹಗುರಾಗಿ ಹಿಡಿದು, ಸೋತ ಬದಿಯನ್ನು ನಿಧಾನ ಆಡಿಸಲಿ. ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಹೊತ್ತು. ಅದೂ ಬಾವು ಇಳಿದ ಮೇಲೆ, ಸರ್ಜನ್ ಹೂಂ ಅಂದ ಮೇಲೆ. ನೀರು ಸೋರೋದಕ್ಕೆ ಸದ್ಯ ಸ್ಟ್ರಾ ಬೇಡ, ಬಲಗಡೆಯಿಂದ ಸಣ್ಣ ಲೋಟದಲ್ಲಿ ಗುಟುಕು ಗುಟುಕಾಗಿ ಕುಡಿಸಿ.

ಹಾನಗಲ್ಲ ಹುಡುಗಿ

ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಅಪ್ಪನಿಗೆ ಗದ್ದದ ಕೆಳಗಿನ ಗ್ರಂಥಿಯಲ್ಲಿ ಕಲ್ಲು ಇದೆ, ಗ್ರಂಥಿಯನ್ನೇ ತೆಗೆಯಬೇಕು ಅಂದಿದ್ದಾರೆ. ಅಲ್ಲೂ ಬಾಯಿ ಸೊಟ್ಟ ಆಗುತ್ತಾ? ಇದನ್ನೆಲ್ಲ ಓದಿ ಭಯ ಆಗ್ತಿದೆ.

ವಿದ್ಯಾನಗರ ಇಎನ್‌ಟಿ

ತಂಗಿ, ಅದು ಬೇರೆ ಗ್ರಂಥಿ. ಜೊಲ್ಲಿನ ಕಲ್ಲುಗಳಲ್ಲಿ ಹೆಚ್ಚೂ ಕಡಿಮೆ ಶೇ 80 ಅಲ್ಲೇ ಆಗುತ್ತವೆ. ಮುಖದ ನರದ ಪೂರ್ತಿ ಜಾಲ ಅಲ್ಲಿಲ್ಲ, ಕೆಳತುಟಿಯ ಒಂದು ಕೊಂಬೆ ಮಾತ್ರ ಮೇಲಿಂದ ಹಾದು ಹೋಗುತ್ತದೆ. ಅದನ್ನು ತಪ್ಪಿಸೋಕೇ ದವಡೆ ಎಲುಬಿನಿಂದ ಎರಡು ಬೆರಳು ಕೆಳಗೆ ಕುಯ್ಯೋದು. ಒಳಗೆ ನಾಲಿಗೆಯ ಸ್ಪರ್ಶದ ನರ, ನಾಲಿಗೆ ಆಡಿಸುವ ನರ ಎರಡೂ ಹತ್ತಿರ ಇರುತ್ತವೆ. ಆದರೆ ಒಂದು ಕೇಳಿ: ಕಲ್ಲು ಎಲ್ಲಿದೆ? ನಾಲಿಗೆ ಕೆಳಗೆ ನಾಳದ ಮುಂಭಾಗದಲ್ಲಿದ್ದರೆ ಬಾಯಿಯೊಳಗಿಂದಲೇ ತೆಗೆಯಬಹುದು, ಸಣ್ಣದಿದ್ದರೆ ನಾಳದೊಳಗೆ ಸಣ್ಣ ಕ್ಯಾಮೆರಾ ಹಾಕಿ ತೆಗೆಯೋ ಸಿಯಾಲೆಂಡೋಸ್ಕೋಪಿ ಇದೆ. ಗ್ರಂಥಿ ತೆಗೆಯೋದು ಆಮೇಲಿನ ಮಾತು. ಸ್ಕ್ಯಾನ್ ರಿಪೋರ್ಟ್ ಇಟ್ಟುಕೊಂಡು ಬೇರೆ ಪೋಸ್ಟ್ ಹಾಕಿ, ಅಲ್ಲಿ ಮಾತಾಡೋಣ.

ಗದಗಿನ ಗೆಳೆಯ

ಎಲ್ಲರಿಗೂ ಬಹಳ ಥ್ಯಾಂಕ್ಸ್. ಇವತ್ತು ಹುಬ್ಬಳ್ಳಿಗೆ ಹೋಗಿ ಬಂದ್ವಿ. ಸರ್ಜನ್ ನಾನು ಕೇಳಿದ್ದಕ್ಕೆ ಮೊದಲು ಮುಖ ಸಣ್ಣ ಮಾಡಿದರು, ಆಮೇಲೆ ಅವರೇ ಫೈಲ್ ತರಿಸಿ ಓದಿ ಹೇಳಿದರು. ಕಾಂಡ, ಐದೂ ಕೊಂಬೆ ಉಳಿದಿವೆ, ಗಂಟು ಕೆಳಗಿನ ಕೊಂಬೆಗೆ ಅಂಟಿಕೊಂಡಿತ್ತು, ಬಿಡಿಸುವಾಗ ಎಳೆತ ಆಗಿದೆ, ಕೊನೆಗೆ ಕರೆಂಟ್ ಕೊಟ್ಟಾಗ ತುಟಿ ಅಲುಗಿತ್ತು ಅಂತ ಬರೆದಿದೆ. ಝೆರಾಕ್ಸ್ ಕೊಟ್ಟರು. ಬಯಾಪ್ಸಿಯಲ್ಲೂ ಅದೇ ಗಂಟು, ಪೊರೆ ಅಖಂಡ. ಬಾವಿನಿಂದ ಸಿರಿಂಜಿನಲ್ಲಿ ತಿಳಿ ಹಳದಿ ನೀರು ತೆಗೆದು ತಲೆ ಸುತ್ತಿ ಪಟ್ಟಿ ಕಟ್ಟಿದ್ದಾರೆ. ಜೊಲ್ಲು ಕಡಿಮೆ ಆಗಲಿ ಅಂತ ಗ್ಲೈಕೋಪೈರೋಲೇಟ್ ಮಾತ್ರೆ ಬರೆದಿದ್ದಾರೆ. ಕಣ್ಣಿನ ಡಾಕ್ಟರೂ ನೋಡಿದರು, ಸದ್ಯ ಹುಣ್ಣಿಲ್ಲ.

ಅವ್ವನಿಗೆ ಎಲ್ಲ ಓದಿ ಹೇಳಿದೆ. ಮಾಮಾಗೆ ಫೋನ್ ಮಾಡಿ ಅವಳೇ ಬೈದಳು. ಎರಡು ಪ್ರಶ್ನೆ ಉಳಿದಿವೆ. ಗೆಳೆಯನೊಬ್ಬ ಮುಖದ ಲಕ್ವಾಕ್ಕೆ ಸ್ಟಿರಾಯ್ಡ್ ಕೊಡ್ತಾರೆ, ಇವರು ಯಾಕೆ ಕೊಟ್ಟಿಲ್ಲ ಅಂತಾನೆ. ಮತ್ತೆ, ಬೆಂಡೋಲೆ ಹಾಕಬಹುದಾ?

ವಿದ್ಯಾನಗರ ಇಎನ್‌ಟಿ

ಒಳ್ಳೆಯ ಸುದ್ದಿ. ಸ್ಟಿರಾಯ್ಡ್ ತಾನಾಗಿ ಬರುವ ಮುಖದ ಲಕ್ವಾಕ್ಕೆ, ಅಂದರೆ ಬೆಲ್ಸ್ ಪಾಲ್ಸಿಗೆ, ಬೇಗ ಶುರು ಮಾಡಿದರೆ ಲಾಭ. ಆಪರೇಷನ್ ನಂತರದ ಈ ಸೋಲಿಗೆ ಅದರಿಂದ ಹೆಚ್ಚಿನ ಪ್ರಯೋಜನ ಕಂಡುಬಂದಿಲ್ಲ. ನಿಮ್ಮ ತಾಯಿಯವರಿಗೆ ಕೊಟ್ಟರೆ ಸಕ್ಕರೆ ಏರುತ್ತದೆ, ಗಾಯ ಮಾಯೋದು ತಡ ಆಗುತ್ತದೆ. ಕೊಡದೇ ಇದ್ದದ್ದು ಸರಿ.

ಬೆಂಡೋಲೆ ಗಾಯ ಪೂರ್ತಿ ಮಾಯುವವರೆಗೆ ಬೇಡ. ಆಮೇಲೂ ಹಗುರವಾದದ್ದು ಹಾಕಲಿ, ತಿರುಪು ಜೋರು ಬಿಗಿಯಬೇಡಿ, ಸ್ಪರ್ಶ ಇಲ್ಲದ ಕಿವಿ ಹರಿದರೂ ಗೊತ್ತಾಗಲ್ಲ. ದಿನಾ ಒಮ್ಮೆ ನೀವೇ ನೋಡಿ.

ಆ ಮಾತ್ರೆಯಿಂದ ಬಾಯಿ ಒಣಗುತ್ತದೆ, ಮೂತ್ರ ಕಟ್ಟಿದ ಹಾಗೆ ಆಗಬಹುದು. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಬಾವು ಮತ್ತೆ ತುಂಬಿದರೆ ಹೆದರಬೇಡಿ, ಎರಡು ಮೂರು ಸಲ ತೆಗೆಯಬೇಕಾಗಿ ಬರೋದು ಮಾಮೂಲು, ಸಾಮಾನ್ಯವಾಗಿ ಕೆಲವು ವಾರದಲ್ಲಿ ನಿಲ್ಲುತ್ತದೆ. ಪಟ್ಟಿ ಜಾರಿ ಎಡಗಣ್ಣಿನ ಮೇಲೆ ಬರದ ಹಾಗೆ ನೋಡಿಕೊಳ್ಳಿ, ಜಾರಿದರೆ ಗದಗದಲ್ಲೇ ಹತ್ತಿರದ ಕಡೆ ಮತ್ತೆ ಕಟ್ಟಿಸಿ.